ಎದುರಿಗೆ ಕೂತು ಕಲಿತ ಹುರಿ

ಉಣ್ಣುವುದು ಬಲಗೈಯಲ್ಲಿ, ತಲೆ ಬಾಚುವುದು ಬಲಗೈಯಲ್ಲಿ, ಸಿಟ್ಟು ಬಂದರೆ ಬೆರಳು ತೋರಿಸುವುದೂ ಬಲಗೈಯಲ್ಲೇ. ಆದರೆ ನಾರು ಹೊಸೆಯಲು ಕೂತರೆ ಮಾತ್ರ ಆ ಹುಡುಗಿಯ ಎಡಗೈ ಮುಂದೆ ಬರುತ್ತಿತ್ತು. ಅಷ್ಟು ಸಾಕಾಯಿತು, ಹಗ್ಗದ ಮನೆಯ ಹೆಂಗಸರು ಅವಳನ್ನು ಎಡಚಿ ಎಂದು ಕರೆದೇಬಿಟ್ಟರು. ಹೀಗ್ಯಾಕೆ ಹುಡುಗಿ ಎಂದು ಅವರಲ್ಲಿ ಒಬ್ಬಳಾದರೂ ಕೇಳಿದ್ದರೆ ಮುಂದಿನ ಪೀಕಲಾಟವೆಲ್ಲ ತಪ್ಪುತ್ತಿತ್ತು. ಕೇಳಲಿಲ್ಲ. ಹೆಸರಿಟ್ಟು ನಕ್ಕಾಯಿತಲ್ಲ, ಇನ್ನೇನು ಬೇಕು!

ಯಂತ್ರ ಗಿಂತ್ರ ಏನೂ ಇಲ್ಲದ ಕಾಲ ಅದು. ಬಾವಿಯಿಂದ ನೀರು ಬರಬೇಕಾದರೆ ಹಗ್ಗ, ದೋಣಿ ದಡದಲ್ಲಿ ನಿಲ್ಲಬೇಕಾದರೆ ಹಗ್ಗ, ಗೋಡೆಗೆ ಕಲ್ಲು ಏರಬೇಕಾದರೂ ಹಗ್ಗವೇ. ಊರಿಗೆಲ್ಲ ಹಗ್ಗ ಕೊಡುತ್ತಿದ್ದದ್ದು ಹೊಳೆಯ ದಂಡೆಯ ಆ ಒಂದೇ ಮನೆ. ಮುಂದೆ ಅಗಲವಾದ ಕೋಣೆ. ಅಲ್ಲಿ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು, ತೊಡೆಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಅದರ ಮೇಲೆ ನಾರನ್ನು ಅಂಗೈಯಿಂದ ಹೊಸೆದು ಎಳೆ ಮಾಡುತ್ತಿದ್ದರು. ಹಿಂದೆ ಒಂದು ಚಪ್ಪರ, ಈ ತುದಿಯಲ್ಲಿ ಸೀನಿದರೆ ಆ ತುದಿಗೆ ಕೇಳದಷ್ಟು ಉದ್ದ. ಅಲ್ಲಿ ಗಂಡಸರು ಎಳೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ತಿರುಗಣೆ ತಿರುಗಿಸಿ, ಹುರಿಗೊಳಿಸಿ ಹಗ್ಗ ಮಾಡುತ್ತಿದ್ದರು. ಎಲ್ಲದಕ್ಕೂ ಯಜಮಾನಿ ಹಗ್ಗದಜ್ಜಿ. ಕಣ್ಣು ಮಂಜಾಗಿದ್ದವು, ಬೆರಳಿಗೆ ಮಾತ್ರ ಇನ್ನೂ ವಯಸ್ಸಾಗಿರಲಿಲ್ಲ. ಎಳೆಯನ್ನು ಹಾಗೆ ಒಮ್ಮೆ ಸವರಿದರೆ, ಎಲ್ಲಿ ಸಡಿಲ, ಎಲ್ಲಿ ದಪ್ಪ, ಹೊಸೆಯುವಾಗ ಯಾರ ಮನಸ್ಸು ಎಲ್ಲಿತ್ತು, ಎಲ್ಲ ಹೇಳಿಬಿಡುತ್ತಿದ್ದಳು.

ಹೊಸೆಯುವ ಪ್ರತಿಯೊಬ್ಬಳ ಮುಂದೆಯೂ ನೆಲಕ್ಕೆ ಬಡಿದ ಒಂದು ಗೂಟ. ಎಳೆಯ ತುದಿಯನ್ನು ಅದಕ್ಕೆ ಕಟ್ಟಿ ಎಳೆದುಕೊಂಡು ಹೊಸೆಯಬೇಕು. ಬರೀ ಮರದ ತುಂಡು ಅಂದುಕೊಳ್ಳಬೇಡಿ. ಗೂಟ ಸಿಕ್ಕಿತೋ, ಬದುಕಿರುವ ತನಕ ಆ ಜಾಗ ಅವಳದ್ದು. ಎರಡು ಹೊತ್ತಿನ ಊಟ, ಮೇಲಿನ ಅಟ್ಟದಲ್ಲಿ ಮಲಗಲು ಜಾಗ, ಮೈಗೆ ಹುಷಾರಿಲ್ಲದಿದ್ದರೆ ಒಂದು ಲೋಟ ಬಿಸಿನೀರು ಕೊಡುವವರು. ಅಲ್ಲಿಂದ ಎದ್ದು ಹೋಗು ಅನ್ನುವ ಹಕ್ಕು ಅಜ್ಜಿಗೂ ಇಲ್ಲ. ಇನ್ನೊಂದು ಪದ್ಧತಿ ಇತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ: ಗೂಟವನ್ನು ನೆಲಕ್ಕೆ ಬಡಿಯಬೇಕಾದವರು ಅವಳ ಮನೆಯವರು. ಅಪ್ಪ, ಅಣ್ಣ, ಗಂಡ, ಯಾರಿದ್ದಾರೋ ಅವರು. ನಮ್ಮ ಹುಡುಗಿ ಇಲ್ಲಿರಲಿ ಎಂದು ಮನೆಯವರು ಒಪ್ಪಿದ್ದಕ್ಕೆ ಅದೇ ಗುರುತು.

ಎಡಚಿಗೆ ಗೂಟ ಇರಲಿಲ್ಲ. ಅವಳು ಎಳೆಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ಹೊಸೆಯುತ್ತಿದ್ದಳು.

ಅವಳ ಅಪ್ಪ ದೋಣಿ ನಡೆಸುತ್ತಿದ್ದವನು. ಒಂದು ವರ್ಷ ಇಡೀ ಊರಿಗೇ ಹಾಳು ಜ್ವರ ಹತ್ತಿದಾಗ ಅಪ್ಪ ಹೋದ, ಅವನ ಹಿಂದೆಯೇ ಅಮ್ಮ ಹೋದಳು. ಆಗಿನ್ನೂ ಲಂಗ ಹಾಕುವ ಹುಡುಗಿ. ಚಿಕ್ಕಪ್ಪ ಬಂದು ಕರೆದುಕೊಂಡು ಹೋದ. ಚಿಕ್ಕಪ್ಪ ಒಳ್ಳೆಯವನೇ. ಆದರೆ ಹೆಂಡತಿಯ ಮುಂದೆ ಅವನ ಒಳ್ಳೆಯತನ ಬಾಯಿ ಬಿಡುತ್ತಿರಲಿಲ್ಲ. ಚಿಕ್ಕಮ್ಮನ ವಿಷಯ ಏನು ಹೇಳಲಿ, ಹೊಡೆಯಲಿಲ್ಲ ಬಡಿಯಲಿಲ್ಲ, ಒಂದು ಗಳಿಗೆ ಕೂರಲು ಬಿಡಲೂ ಇಲ್ಲ. ಹುಡುಗಿ ದೊಡ್ಡವಳಾದ ಮೇಲೆ ಚಿಕ್ಕಮ್ಮ ಒಂದು ಏರ್ಪಾಟು ಮಾಡಿದಳು. ಅವಳ ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ, ಸಾಲು ಸಾಲು ಮಕ್ಕಳು, ಕೈಲಾಗದ ಅತ್ತಿಗೆ. "ಅಲ್ಲಿ ಇದ್ದುಬಿಡಲಿ. ಹೊಟ್ಟೆಗೆ ಹಾಕ್ತಾರೆ, ಬಟ್ಟೆ ಕೊಡ್ತಾರೆ. ಇನ್ನೇನು ಬೇಕು ಇವಳಿಗೆ?" ಅಂದಳು. ಇದ್ದುಬಿಡುವುದು ಅಂದರೆ ಸಾಯುವ ತನಕ ಅಲ್ಲಿ ಚಾಕರಿ ಮಾಡುವುದು ಎಂದು ಅರ್ಥವಾಗದಷ್ಟು ಪೆದ್ದಿಯಲ್ಲ ಹುಡುಗಿ. ಅವತ್ತು ಮೊದಲ ಸಲ ಬಾಯಿ ತೆರೆದು, "ನನಗೆ ನಾರು ಹೊಸೆಯೋಕೆ ಬರುತ್ತೆ. ನಾನು ದುಡಿದು ತಿಂತೀನಿ," ಅಂದಳು. ಚಿಕ್ಕಮ್ಮನ ಕಣ್ಣು ಕೆಂಪಾದವು. ಚಿಕ್ಕಪ್ಪ ನೆಲ ನೋಡುತ್ತಲೇ, "ಈ ಬೇಸಿಗೆ ಒಂದು ನೋಡೋಣ ಕಣೇ. ಗೂಟ ಸಿಕ್ಕಿದ್ರೆ ಸಿಕ್ತು, ಇಲ್ಲದಿದ್ರೆ ನಾನೇ ಗಾಡಿ ಕಟ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ," ಅಂದ.

ಹಾಗೆ ಬಂದವಳು. ಬೇಸಿಗೆ ಮುಗಿಯುವುದರೊಳಗೆ ಗೂಟ ಸಿಗಬೇಕು, ಇಲ್ಲದಿದ್ದರೆ ಗಾಡಿ ಬರುತ್ತದೆ. ಅವಳ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಕೆಲಸದಲ್ಲಿ ಹುಡುಗಿ ಹೇಗೆ ಅಂತೀರಾ? ಮೊದಮೊದಲು ನಾರು ಬಾಚಲು ಕೂರಿಸಿದರು. ಬೆರಳ ಸಂದಿಯಲ್ಲಿ ರಕ್ತ ಬಂದರೂ ಕಮಕ್ ಕಿಮಕ್ ಅನ್ನಲಿಲ್ಲ. ಆಮೇಲೆ ಹೊಸೆಯಲು ಕೊಟ್ಟರು. ಅವಳ ಎಳೆ ಕೈಗೆ ಬಂದ ದಿನ ಅಜ್ಜಿ ಅದನ್ನು ಸವರಿ, ಜಗ್ಗಿ, ಮೂಸಿ ಕೂಡ ನೋಡಿ, "ಎಲಾ ಇವಳ! ಒಂದು ಕಡೆ ದಪ್ಪ ಇಲ್ಲ, ಒಂದು ಕಡೆ ತೆಳು ಇಲ್ಲ," ಅಂದಳು. ಪಕ್ಕದ ಗೂಟದ ವಟವಟಕ್ಕ, ಹೆಸರೇ ಹೇಳುವ ಹಾಗೆ ಬಾಯಿಗೆ ಬೀಗವಿಲ್ಲದವಳು, "ಎಡಗೈಯಲ್ಲೇ ಇಷ್ಟು ಚೆಂದ ಹೊಸೀತಾಳೆ, ಬಲಗೈ ಹಚ್ಚಿದ್ರೆ ನಮ್ಮನ್ನೆಲ್ಲ ಮನೆಗೆ ಕಳಿಸ್ತಾಳೆ ನೋಡಿ ಅಜ್ಜಿ," ಅಂದು ನಗಿಸಿದಳು. ಎಲ್ಲರ ಎಳೆಗಳ ಜೊತೆ ಅವಳ ಎಳೆಯೂ ಅದೇ ಬುಟ್ಟಿಗೆ ಬಿತ್ತು.

ಅದೇ ಹೊತ್ತಿಗೆ ಊರಿನ ಕಾವಲು ಗೋಪುರ ಏಳುತ್ತಿತ್ತು. ಕಟ್ಟುವ ಮೇಸ್ತ್ರಿ ಬಂದು ಕಲ್ಲು ಎತ್ತಲು ದಪ್ಪನೆಯ ಹೊಸ ಹಗ್ಗ ಬೇಕೆಂದ. ಅಜ್ಜಿ ಎಡಚಿಯನ್ನು ಕರೆದು, "ಈ ಹಗ್ಗಕ್ಕೆ ನೀನೂ ಹೊಸಿ. ಹಗ್ಗ ಚೆನ್ನಾಗಿ ಬಂತು ಅಂದ್ರೆ ನಿನಗೊಂದು ಗೂಟ ಕೆತ್ತಿಸ್ತೀನಿ," ಅಂದಳು. ಆವತ್ತಿನಿಂದ ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕರೆದರೂ ಇನ್ನೊಂದೆಳೆ, ಇನ್ನೊಂದೆಳೆ ಅನ್ನುತ್ತ ಕೂತುಬಿಡುತ್ತಿದ್ದಳು. ವಟವಟಕ್ಕ ರೊಟ್ಟಿಯನ್ನು ಬಾಯಿಗೇ ತುರುಕಬೇಕಾಯಿತು.

ಹಗ್ಗ ಹುರಿಗೊಳಿಸುವ ದಿನ ಬಂತು. ಎಳೆಗಳನ್ನು ಚಪ್ಪರದುದ್ದಕ್ಕೂ ಹಾಸಿ ಕೊಕ್ಕೆಗೆ ಸಿಕ್ಕಿಸಿದರು. ತಿರುಗಣೆಯಣ್ಣ ಹಿಡಿಯನ್ನು ತಿರುಗಿಸತೊಡಗಿದ. ಅವನಪ್ಪ ತಿರುಗಿಸಿದ್ದೂ ಅದೇ ದಿಕ್ಕಿಗೆ, ಅವನಜ್ಜ ತಿರುಗಿಸಿದ್ದೂ ಅದೇ ದಿಕ್ಕಿಗೆ. ಸ್ವಲ್ಪ ಹೊತ್ತು ಎಲ್ಲ ಸರಿಯಾಗೇ ಇತ್ತು. ಆಮೇಲೆ ಹಗ್ಗದ ಮೈಮೇಲೆ ಅಲ್ಲೊಂದು ಇಲ್ಲೊಂದು ಗುಂಗುರು ಎದ್ದವು. ತಿರುಗಿಸಿದಷ್ಟೂ ಕೆಲವು ಎಳೆಗಳು ಸುರುಳಿ ಸುತ್ತಿಕೊಂಡು ಹೊರಕ್ಕೆ ಪುಟಿದವು. ಕೊನೆಗೆ ನೋಡಿದರೆ ಹಗ್ಗ ಇಲಿ ನುಂಗಿದ ಹಾವಿನ ಹಾಗೆ ಉಬ್ಬು ತಗ್ಗಾಗಿ ಬಿದ್ದಿತ್ತು.

"ಏನಿದು ಅನಾಹುತ!" ಎಂದು ತಿರುಗಣೆಯಣ್ಣ ಹಿಡಿ ಬಿಟ್ಟ.

ಅಜ್ಜಿ ನೆಲಕ್ಕೆ ಕೂತು ಉಬ್ಬಿದ ಎಳೆಯೊಂದನ್ನು ಹೊರಗೆಳೆದು ಬಿಚ್ಚಿದಳು. ಆಮೇಲೆ ಇನ್ನೊಂದು. ಅವಳ ಬೆರಳು ನಿಂತವು. "ಇದು ತಿರುಗಾಮುರುಗಾ ಹುರಿ ಕಣ್ರೋ. ನಾವೆಲ್ಲ ಹೊಸೆಯೋದು ಒಂದು ಕಡೆಗೆ, ಇದು ಇನ್ನೊಂದು ಕಡೆಗೆ." ಕತ್ತೆತ್ತದೆಯೇ ಕರೆದಳು: "ಬಾರೇ ಇಲ್ಲಿ ಎಡಚಿ."

ಹುಡುಗಿ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು.

"ನಿನಗೆ ಹೊಸೆಯೋದು ಕಲಿಸಿದ್ದು ಯಾರೇ?"

"ಅಪ್ಪ. ದೋಣಿಯಲ್ಲಿ."

"ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ್ನಾ?"

"ಇಲ್ಲ ಅಜ್ಜಿ. ದೋಣಿ ಸಣ್ಣದು, ಪಕ್ಕದಲ್ಲಿ ಜಾಗ ಎಲ್ಲಿರುತ್ತೆ? ಎದುರಿಗೆ ಕೂತ್ಕೊಂಡು ಅವನು ಮಾಡಿದ ಹಾಗೆ ಮಾಡ್ತಿದ್ದೆ."

ಅಜ್ಜಿ ಹಣೆ ಚಚ್ಚಿಕೊಂಡಳು. ಅಷ್ಟೇ, ಇನ್ನೇನೂ ಇಲ್ಲ! ಆ ಮನೆಯ ಹೆಂಗಸರೆಲ್ಲ ಅಮ್ಮನದೋ ಅಕ್ಕನದೋ ಪಕ್ಕದಲ್ಲಿ ಕೂತು ಕಲಿತವರು. ಇವಳು ಎದುರಿಗೆ ಕೂತು, ಕನ್ನಡಿಯಲ್ಲಿ ನೋಡಿದ ಹಾಗೆ ಅಪ್ಪನ ಬಲಗೈಯನ್ನು ತನ್ನ ಎಡಗೈಯಾಗಿ ಮಾಡಿಕೊಂಡು ಕಲಿತಿದ್ದಳು. ಎಳೆ ಗಟ್ಟಿ, ಎಳೆ ಸಮ, ಆದರೆ ಹುರಿ ಉಲ್ಟಾ. ಬೆರಳಿನಲ್ಲೇ ಲೋಕ ನೋಡುವ ಅಜ್ಜಿಯೂ ದಪ್ಪ ನೋಡಿದಳು, ಗಟ್ಟಿ ನೋಡಿದಳು, ಯಾವ ಕಡೆಗೆ ಹುರಿ ಎಂದು ನೋಡಲಿಲ್ಲ. ಉಲ್ಟಾ ಹೊಸೆಯುವವರು ಇರುತ್ತಾರೆಂದು ಯಾರಿಗೆ ತಾನೇ ಹೊಳೆಯುತ್ತದೆ?

"ಬಲಗೈಯಲ್ಲಿ ಕಲೀತೀನಿ ಅಜ್ಜಿ. ಇವತ್ತಿಂದಲೇ," ಅಂದಳು ಹುಡುಗಿ. ಕೂತು ಹೊಸೆದೂ ತೋರಿಸಿದಳು. ಅಯ್ಯೋ, ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ಕಡೆ ಹೆಬ್ಬೆರಳಿನಷ್ಟು ದಪ್ಪ, ಒಂದು ಕಡೆ ಕೂದಲಿನಷ್ಟು ತೆಳು. ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದಳು. "ಚಿಕ್ಕಂದಿನ ಅಭ್ಯಾಸ ಮಗಳೇ, ಕೈ ಬಿಟ್ಟು ಹೋಗೋಕೆ ವರ್ಷಗಟ್ಟಲೆ ಬೇಕು. ಅಲ್ಲೀವರೆಗೆ ನಿನಗೆ ಗೂಟ ಹೇಗೆ ಕೊಡ್ಲಿ? ಉಳಿದವರು ಸುಮ್ನಿರ್ತಾರಾ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಹೇಳಿದ್ದಕ್ಕೇ ಹುಡುಗಿಗೆ ಅಳು ಬಂತು.

ಮಾರನೆಯ ಬೆಳಗ್ಗೆ ಚಿಕ್ಕಪ್ಪನ ಗಾಡಿ ಬಾಗಿಲಿಗೆ ಬಂದು ನಿಂತಿತು. ಬೇಸಿಗೆ ಮುಗಿದಿತ್ತು. ಒಂದು ದಿನ ಹಿಂದುಮುಂದು ಆಗಲಿ ಎಂದರೆ ಚಿಕ್ಕಮ್ಮ ಬಿಡಬೇಕಲ್ಲ!

"ಸಿಕ್ತೇನಮ್ಮ ಗೂಟ?" ಎಂದ ಚಿಕ್ಕಪ್ಪ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಎತ್ತಿನ ಕೊರಳ ಕೆಳಗೆ ಸುಮ್ಮನೆ ಕೆರೆಯುತ್ತ ನಿಂತ. "ಬಟ್ಟೆ ಗಂಟು ಕಟ್ಕೋ ಹಾಗಾದ್ರೆ. ಎತ್ತು ಸ್ವಲ್ಪ ದಣಿವಾರಿಸಿಕೊಳ್ಳಲಿ, ಹೊರಡೋಣ," ಅಂದ. ಅವನಿಗೇ ಹೊರಡಲು ಮನಸ್ಸಿರಲಿಲ್ಲ, ಎತ್ತಿನ ಮೇಲೆ ಹಾಕಿದ, ಅಷ್ಟೇ.

ಗಂಟು ಎಂದರೆ ಏನು ಮಹಾ, ಎರಡು ಬಟ್ಟೆ, ಒಂದು ಬಾಚಣಿಗೆ. ಅವಳು ಅದನ್ನು ಕಟ್ಟಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗಲೇ ಮೇಸ್ತ್ರಿ ಸಿಡಿಮಿಡಿ ಅನ್ನುತ್ತ ಒಳಗೆ ನುಗ್ಗಿದ.

"ಏನಜ್ಜಿ, ಹಗ್ಗ ಇನ್ನೂ ಆಗಿಲ್ವಂತೆ? ಅಲ್ಲಿ ನನ್ನ ಗೋಳು ಯಾರಿಗೆ ಹೇಳ್ಲಿ! ಇರೋ ಹಗ್ಗದಲ್ಲಿ ಕಲ್ಲು ಎತ್ತಿದ್ರೆ ನೆಲ ಬಿಟ್ಟ ತಕ್ಷಣ ಬುಗುರಿ ತಿರುಗಿದ ಹಾಗೆ ತಿರುಗುತ್ತೆ. ಕಟ್ಟಿದ ಗೋಡೆಗೇ ನಿನ್ನೆ ಗುದ್ದಿತು. ಒಬ್ಬನ ಭುಜ ಹೋಯ್ತು."

"ಹಗ್ಗಕ್ಕೆ ಭಾರ ಬಿದ್ರೆ ಹುರಿ ಬಿಚ್ಚೋಕೆ ನೋಡುತ್ತೆ, ಕಲ್ಲು ತಿರುಗುತ್ತೆ. ಅದರ ಜಾಯಮಾನವೇ ಅದು. ಎರಡು ಹಗ್ಗ ಹಾಕಿ ಎತ್ತು," ಅಂದಳು ಅಜ್ಜಿ.

"ಹಾಕ್ದೆ, ಅದನ್ನೂ ಹಾಕ್ದೆ! ಎರಡೂ ಒಂದೇ ಕಡೆ ತಿರುಗಿ ಒಂದಕ್ಕೊಂದು ಸುತ್ಕೊಂಡು ಕೂತ್ವು. ಅದನ್ನ ಬಿಡಿಸೋದ್ರಲ್ಲಿ ಅರ್ಧ ದಿನ ಹಾಳಾಯ್ತು."

ಹುಡುಗಿಯ ಹೆಗಲಿನ ಗಂಟು ಕೆಳಗಿಳಿಯಿತು. ಅವಳ ಕಣ್ಣ ಮುಂದೆ ಬಂದದ್ದು ಗೋಪುರವಲ್ಲ, ಹಳೆಯ ಮನೆಯ ಅಡುಗೆ ಕೋಣೆ. ಬೆಕ್ಕಿಗೆ ಸಿಗಬಾರದೆಂದು ಹಾಲಿನ ಗಡಿಗೆಯನ್ನು ತೊಲೆಗೆ ತೂಗಿಹಾಕಿದ್ದ ನೆಲುವು. ಅಕ್ಕಪಕ್ಕದ ಮನೆಗಳಲ್ಲಿ ನೆಲುವು ತಿರುಗಿ ತಿರುಗಿ ಹಾಲು ತುಳುಕುತ್ತಿತ್ತು. ಅವರ ಮನೆಯದು ಮಾತ್ರ ಇದ್ದ ಕಡೆ ಇರುತ್ತಿತ್ತು. ಅಪ್ಪ ಅದನ್ನು ಎರಡು ಹುರಿಯಲ್ಲಿ ತೂಗಿಹಾಕಿದ್ದ, ಒಂದು ಅವನು ಹೊಸೆದದ್ದು, ಇನ್ನೊಂದು ಅವಳು ಹೊಸೆದದ್ದು. ಯಾಕಪ್ಪ ನಮ್ಮದು ತಿರುಗಲ್ಲ ಎಂದು ಕೇಳಿದರೆ, "ನನ್ನ ಹುರಿ ಒಂದು ಕಡೆ ಎಳೆಯುತ್ತೆ, ನಿನ್ನ ಹುರಿ ಇನ್ನೊಂದು ಕಡೆ ಎಳೆಯುತ್ತೆ. ಇಬ್ಬರೂ ಹಟಮಾರಿಗಳು, ಯಾರೂ ಸೋಲಲ್ಲ. ಗಡಿಗೆ ಪಾಪ ಎಲ್ಲಿಗೆ ಹೋಗುತ್ತೆ?" ಎಂದು ಅವಳ ಕೆನ್ನೆ ಹಿಂಡಿದ್ದ. ಆಗ ತಮಾಷೆ ಎಂದುಕೊಂಡಿದ್ದಳು. ಹಾಗಾದರೆ ಅಪ್ಪನಿಗೆ ಗೊತ್ತಿತ್ತು! ಮಗಳು ಉಲ್ಟಾ ಹೊಸೆಯುತ್ತಾಳೆ ಎಂದು ಗೊತ್ತಿದ್ದೂ ತಿದ್ದಲಿಲ್ಲ, ಅದಕ್ಕೆ ಮನೆಯಲ್ಲಿ ಒಂದು ಕೆಲಸ ಕೊಟ್ಟಿದ್ದ.

"ನಮ್ಮ ನೆಲುವು ತಿರುಗ್ತಿರಲಿಲ್ಲ," ಅಂದಳು.

ಮೇಸ್ತ್ರಿ ತಿರುಗಿ ನೋಡಿದ. "ಯಾರಮ್ಮ ನೀನು? ನಾನು ಕಲ್ಲಿನ ಮಾತಾಡ್ತಿದ್ರೆ ನೀನು ನೆಲುವು ಅಂತೀಯಲ್ಲ!"

ಅವಳು ಅವನ ಕಡೆ ನೋಡಲೂ ಇಲ್ಲ, ಅಜ್ಜಿಯ ಮುಂದೆ ಮಂಡಿಯೂರಿದಳು. ಮಾತು ಒಂದರ ಮೇಲೊಂದು ಬಿದ್ದು ಬಂದವು. "ಅಜ್ಜಿ, ನನ್ನ ಎಳೆ ಎಲ್ಲಾ ಆರಿಸಿ ತೆಗೀತೀನಿ. ಬರೀ ಅದರದ್ದೇ ಒಂದು ಹಗ್ಗ ಮಾಡಿಸಿ, ತಿರುಗಣೆ ಉಲ್ಟಾ ತಿರುಗಿಸಿ. ಉಳಿದಿದ್ದರಲ್ಲಿ ನಿಮ್ಮ ಹಗ್ಗ ಮಾಡಿ. ಎರಡೂ ಜೋಡಿಸಿ ಕಲ್ಲು ಕಟ್ಟಿ ನೋಡಿ. ನಿಮ್ಮದು ಆ ಕಡೆ ಎಳೆಯುತ್ತೆ, ನನ್ನದು ಈ ಕಡೆ ಎಳೆಯುತ್ತೆ. ತಿರುಗಿದ್ರೆ ನಾನು ಗಾಡಿ ಹತ್ತಿ ಹೋಗ್ತೀನಿ, ಮತ್ತೆ ಒಂದು ಮಾತೂ ಕೇಳಲ್ಲ."

ಅಜ್ಜಿ ಯೋಚಿಸುವಾಗ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದಳು. ಈಗಲೂ ಉಜ್ಜಿದಳು, ಎಲ್ಲರಿಗೂ ಕೇಳುವಷ್ಟು. ಕೊನೆಗೆ, "ಹೇಗೂ ಕೆಟ್ಟುಹೋದ ಹಗ್ಗ. ಬಿಚ್ಚೋದಂತೂ ಬಿಚ್ಚಲೇಬೇಕು. ಆರಿಸೇ," ಅಂದಳು.

ಅವತ್ತು ಆ ಮನೆಯಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ವಟವಟಕ್ಕ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದಳು ಎಂದರೆ ನೀವೇ ಲೆಕ್ಕ ಹಾಕಿ. ಎಳೆ ಬಿಚ್ಚಿ, ಇದು ನಮ್ಮದು, ಇದು ಎಡಚಿಯದು ಎಂದು ಎರಡು ಗುಡ್ಡೆ ಮಾಡಿದರು. ತಿರುಗಣೆಯಣ್ಣ ಮಾತ್ರ ಗೊಣಗಿದ: "ನಮ್ಮಜ್ಜ ನೋಡಿದ್ರೆ ಎದ್ದು ಬಂದು ಕಪಾಳಕ್ಕೆ ಹೊಡೀತಾನೆ." ಮೊದಲ ಸುತ್ತಿಗೇ ಕೈ ಅಭ್ಯಾಸಬಲದಿಂದ ಹಳೆಯ ದಿಕ್ಕಿಗೆ ಹೋಯಿತು, ಎಲ್ಲರೂ ಒಟ್ಟಿಗೆ ಅವನ ಮೇಲೆ ಕೂಗಿದರು. ಚಿಕ್ಕಪ್ಪ ಹೊರಗೆ ಗಾಡಿಯ ನೆರಳಲ್ಲಿ ಕೂತಿದ್ದವನು, ಮಧ್ಯಾಹ್ನದ ಹೊತ್ತಿಗೆ ಯಾರೂ ಕರೆಯದಿದ್ದರೂ ಒಳಗೆ ಬಂದು ಹಗ್ಗದ ತುದಿ ಹಿಡಿದುಕೊಂಡು ನಿಂತ. ಸಂಜೆಗೆ ಎರಡು ಹಗ್ಗ ಸಿದ್ಧವಾದವು, ಒಂದರ ಹುರಿ ಬಲಕ್ಕೆ, ಒಂದರ ಹುರಿ ಎಡಕ್ಕೆ. ಅಜ್ಜಿ ಎರಡನ್ನೂ ಸವರಿದಳು.

ಬೆಳಗಾಗುತ್ತಲೇ ಎಲ್ಲರೂ ಗೋಪುರದ ಬುಡದಲ್ಲಿ ಸೇರಿದರು. ಕೂಲಿಯಾಳುಗಳು ಮಾತ್ರ ಗೋಡೆಯಿಂದ ದೂರ ನಿಂತಿದ್ದರು, ಮೊನ್ನೆ ಭುಜ ಮುರಿದುಕೊಂಡವನನ್ನು ಕಂಡವರಲ್ಲವೇ. ಮೇಸ್ತ್ರಿ ಜೋಡಿ ರಾಟೆಗೆ ಹಗ್ಗ ಹಾಯಿಸಿ, ಒಬ್ಬ ಆಳಿನಷ್ಟು ಉದ್ದದ ಕಲ್ಲಿಗೆ ಬಿಗಿದು, "ಎತ್ರಪ್ಪಾ," ಎಂದ.

ಕಲ್ಲು ನೆಲ ಬಿಟ್ಟಿತು. ಹಗ್ಗಗಳು ಭಾರಕ್ಕೆ ಗರ್ ಎಂದವು. ಕಲ್ಲು ಸ್ವಲ್ಪ ತಿರುಗಿತು.

"ತಿರುಗ್ತು," ಎಂದ ಯಾರೋ.

ಹುಡುಗಿ ಕಣ್ಣು ಮುಚ್ಚಿಕೊಂಡಳು. ಆ ಗಳಿಗೆಯಲ್ಲಿ ಅವಳಿಗೆ ಹಾಸಿಗೆ ಹಿಡಿದ ಮುದುಕಿಯ ಕೋಣೆ ಕಂಡಿತು, ಆ ಮನೆಯ ಬಾವಿಕಟ್ಟೆ ಕಂಡಿತು, ಬಟ್ಟೆಯ ರಾಶಿ ಕಂಡಿತು. ವಟವಟಕ್ಕನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ಎರಡು ದಿನ ಅವಳು ಅದನ್ನೇ ಹೇಳಿಕೊಂಡು ಓಡಾಡಿದಳು.

"ಕಣ್ಣು ಬಿಡೇ," ಎಂದಳು ವಟವಟಕ್ಕ. "ಏ ಹುಚ್ಚಿ, ಕಣ್ಣು ಬಿಟ್ಟು ನೋಡೇ!"

ಕಲ್ಲು ನಿಂತುಬಿಟ್ಟಿತ್ತು. ಅತ್ತಲೂ ಇಲ್ಲ ಇತ್ತಲೂ ಇಲ್ಲ. ಎರಡು ಹಗ್ಗ ಪಕ್ಕಪಕ್ಕದಲ್ಲಿ ನೆಟ್ಟಗೆ, ಒಂದನ್ನೊಂದು ಮುಟ್ಟದೆ, ಕಲ್ಲನ್ನು ಮೇಲೆ ಮೇಲೆ ಒಯ್ದವು. ಗೋಡೆಯ ಮೇಲಿದ್ದವನು ಒಂದೇ ಕೈಯಲ್ಲಿ ಅದನ್ನು ತನ್ನ ಕಡೆಗೆ ಎಳೆದುಕೊಂಡು ಕೂರಿಸಿದ. ಕೆಳಗಿನವರು ಹೋ ಎಂದು ಕೂಗಿದರು. ಮೇಸ್ತ್ರಿ ತಲೆ ಕೆರೆದುಕೊಂಡು ಬಂದು, "ತಾಯಿ, ಈ ಜೋಡಿ ಇನ್ನೆಷ್ಟು ಮಾಡಿಕೊಡ್ತೀಯ?" ಎಂದು ಕೇಳಿದ. ನಿನ್ನೆ ನೆಲುವು ಅಂದದ್ದಕ್ಕೆ ಗದರಿದ ಅದೇ ಮೇಸ್ತ್ರಿ! ಅಜ್ಜಿಯೇ, "ಕೈ ಇರೋತನಕ ಮಾಡ್ತಾಳೆ, ನೀನು ಗೋಪುರ ಮುಗಿಸು," ಅಂದಳು.

ಮನೆಗೆ ಬಂದ ಕೂಡಲೇ ಅಜ್ಜಿ ಒಳಗಿನಿಂದ ಒಂದು ಗೂಟ ತಂದಳು. ಹೊಸದಾಗಿ ಕೆತ್ತಿದ್ದಲ್ಲ. ಹಗ್ಗಕ್ಕೆ ಎಳೆ ಹೊಸೆಯಲು ಹೇಳಿದ ದಿನವೇ ಕೆತ್ತಿಸಿ ಇಟ್ಟಿದ್ದಳು, ಕೊಡಲಾಗದೆ ನಾರಿನ ಮೂಟೆಯ ಹಿಂದೆ ಬಚ್ಚಿಟ್ಟಿದ್ದಳು. "ಇವಳ ಗೂಟ ಆ ಸಾಲಿನಲ್ಲಿ ಬೇಡ. ಅಲ್ಲಿ ಹೊಡೀರಿ, ನನ್ನ ಎದುರಿಗೆ," ಅಂದಳು.

ಗೂಟ ಬಡಿಯುವ ಮರದ ಕೊಡತಿ ತಂದಿಟ್ಟರು. ಆಮೇಲೆ ಯಾರೂ ಅಲ್ಲಾಡಲಿಲ್ಲ. ಗೂಟವನ್ನು ಮನೆಯವರೇ ಬಡಿಯಬೇಕಲ್ಲ. ಹುಡುಗಿ ನೆಲ ನೋಡಿದಳು. ಈ ಗಳಿಗೆಯನ್ನು ಅವಳು ಬೇಸಿಗೆಯುದ್ದಕ್ಕೂ ಮನಸ್ಸಿನಲ್ಲಿ ಮುಂದಕ್ಕೆ ತಳ್ಳುತ್ತಲೇ ಬಂದಿದ್ದಳು. ಗೂಟ ಸಿಗಲಿ ಆಮೇಲೆ ನೋಡೋಣ ಎಂದುಕೊಂಡಿದ್ದಳು. ಈಗ ಸಿಕ್ಕಿತು, ಅಪ್ಪನನ್ನು ಎಲ್ಲಿಂದ ತರುವುದು? "ನಾನೇ ಬಡ್ಕೋತೀನಿ," ಎಂದು ಬಗ್ಗಿದಳು.

"ಇರು, ಇರು. ನೀನ್ಯಾಕೆ ಬಡ್ಕೋಬೇಕು?"

ಬಾಗಿಲಲ್ಲಿ ಚಿಕ್ಕಪ್ಪ. ಕೈಯಲ್ಲಿ ಇನ್ನೂ ಎತ್ತು ಹೊಡೆಯುವ ಕೋಲು. ಅದನ್ನು ಗೋಡೆಗೆ ಒರಗಿಸಿ, ಅಂಗಿಯ ತೋಳು ಮಡಚಿ, ಕೊಡತಿ ಎತ್ತಿಕೊಂಡ. "ನಮ್ಮಣ್ಣನ ಮಗಳು ಇವಳು. ಮನೆಯವನು ನಾನಿದ್ದೀನಿ," ಅಂದ. ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ಹುಡುಗಿ ಯಾವತ್ತೂ ಕೇಳಿರಲಿಲ್ಲ.

ಕರೆದುಕೊಂಡು ಹೋಗಲು ಬಂದವನು ಕೂತು ಗೂಟ ಬಡಿದ. ಮೊದಲ ಏಟು ಸರಿಯಾಗೇ ಬಿತ್ತು. ಎರಡನೆಯದು ಹೆಬ್ಬೆರಳಿಗೆ. "ಅಯ್ಯಯ್ಯಪ್ಪಾ!" ಎಂದು ಕುಣಿದಾಡಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಹುಡುಗಿಯೂ ನಕ್ಕಳು, ನಗುತ್ತ ನಗುತ್ತಲೇ ಅಳು ಕಿತ್ತುಕೊಂಡು ಬಂತು. ಜ್ವರದ ವರ್ಷದಿಂದ ತಡೆದಿಟ್ಟದ್ದೆಲ್ಲ ಅವತ್ತು ಬಂತು. ಚಿಕ್ಕಪ್ಪ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಅವಳ ತಲೆ ಸವರಿದ.

"ಮನೇಲಿ ಚಿಕ್ಕಮ್ಮಂಗೆ ಏನು ಹೇಳ್ತೀಯ?" ಎಂದು ಕೇಳಿದಳು, ಮೂಗು ಒರೆಸಿಕೊಳ್ಳುತ್ತ.

"ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ಗೂಟ ನಾನೇ ಹೊಡೆದೆ ಅಂತೀನಿ. ಬೈಸಿಕೊಳ್ಳೋದು ನನಗೇನು ಹೊಸದಾ?" ಅಂದ. ಆಮೇಲೆ ಕೊಡತಿಯನ್ನು ಮತ್ತೆ ಎತ್ತಿಕೊಂಡು ಉಳಿದಷ್ಟನ್ನೂ ಬಡಿದು, ಕಾಲಿನಿಂದ ಒದ್ದು ನೋಡಿದ. ಗೂಟ ಮಿಸುಕಲಿಲ್ಲ.

ಖಾಲಿ ಗಾಡಿ ಗಡಗಡ ಸದ್ದು ಮಾಡುತ್ತ ಬೀದಿಯ ತಿರುವಿನಲ್ಲಿ ಮರೆಯಾಯಿತು. ಹುಡುಗಿ ಚರ್ಮದ ಪಟ್ಟಿಯನ್ನು ಎಡತೊಡೆಗೆ ಕಟ್ಟಿಕೊಂಡು ಅಜ್ಜಿಯ ಎದುರಿಗೆ ಕೂತಳು, ದೋಣಿಯಲ್ಲಿ ಕೂರುತ್ತಿದ್ದ ಹಾಗೆ. ನಾರಿನ ತುದಿಯನ್ನು ತನ್ನ ಗೂಟಕ್ಕೆ ಬಿಗಿದು ಹೊಸೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಕೈ ಚಾಚಿ ಆ ಎಳೆಯನ್ನು ಸವರಿದಳು, ಈ ಸಲ ಹುರಿ ಯಾವ ಕಡೆಗಿದೆ ಎಂದೂ ನೋಡಿದಳು.

"ಹ್ಞೂಂ," ಅಂದಳು. "ಹಾಗೇ ಹೊಸಿ."